ಸೀರೆಯ ಇನ್ನೊಂದು ತುದಿ

ಗಂಜಿ ಹಾಕಿದ ಹತ್ತಿ ಸೀರೆಯ ವಾಸನೆ ನಿಮಗೆ ಗೊತ್ತಲ್ಲ, ಅನ್ನ ಬಸಿದ ಪಾತ್ರೆಯನ್ನು ಬಿಸಿಲಿಗಿಟ್ಟ ಹಾಗೆ. ಈ ಭಾನುವಾರ, ಪರದೇಶದ ಪುಂಗೋಲ್‌ನ ನಮ್ಮ ಮನೆ ತುಂಬ ಅದೇ. ಇಡೀ ಬ್ಲಾಕಿನಲ್ಲಿ ಸೀರೆಗೆ ಗಂಜಿ ಹಾಕುವವಳು ನಾನೊಬ್ಬಳೇ. ಜಂಬವೆಂದರೆ ಜಂಬ, ಏನೀಗ? ಆದರೆ ಅದನ್ನು ಒಬ್ಬಳೇ ಮಡಿಸಲಾಗದು. ಇನ್ನೊಂದು ತುದಿ ಹಿಡಿದು ಎಳೆಯಲು ಜನ ಬೇಕು.

ಕೆಲವು ವರ್ಷಗಳ ಹಿಂದೆ, ಇದೇ ನಗರದ ಕಲ್ಲಾಂಗ್‌ನ ಕಾಂಡೋ ಅಪಾರ್ಟ್‌ಮೆಂಟಿನಲ್ಲಿದ್ದಾಗ, ಆ ಜನ ಪಕ್ಕದ ಮನೆಯ ಇಂಗ್ರಿಡ್ ಆಂಟಿ. ಮಗನ ಜೊತೆ ಇರಲು ಸ್ವೀಡನ್ನಿನಿಂದ ಬಂದಿದ್ದವರು. ಎಪ್ಪತ್ತು ದಾಟಿದ್ದರೂ ನೆಟ್ಟಗೆ ನಡೆಯುವವರು. ನಾನು ಕಾರಿಡಾರಿನಲ್ಲಿ ಮಡಿಸಬೇಕಾದ ಸೀರೆಯ ಸೆರಗನ್ನು ಗದ್ದದಡಿ ಸಿಕ್ಕಿಸಿಕೊಂಡು ಪೇಚಾಡುತ್ತಿದ್ದಾಗ ತಾವಾಗಿಯೇ ಬಂದು ಇನ್ನೊಂದು ತುದಿ ಹಿಡಿದರು. ಅಂದಿನಿಂದ ಪ್ರತಿ ವಾರ ಬರುತ್ತಿದ್ದರು. ಅವರ ಮಡಿಕೆಯ ಮುಂದೆ ನನ್ನ ಮಡಿಕೆ ಏನೇನೂ ಅಲ್ಲ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಬರೆದಿರುವುದು ನನ್ನ ಕನ್ನಡ.

ಒಂದು ವಾರ ನಾನು ಸಿಟ್ಟಿನಲ್ಲಿ ಸೀರೆ ಜಗ್ಗುತ್ತಿದ್ದೆ. ಹದಿನಾರರ ಮಗಳು ಮೇಘನಾ ಟ್ಯೂಷನ್ನಿಗೆ ಚಕ್ಕರ್ ಹೊಡೆದು, ಒಬ್ಬ ಹುಡುಗನ ಜೊತೆ ನದಿ ದಂಡೆಯಲ್ಲಿ ಸುತ್ತುತ್ತಾ ಸಿಕ್ಕಿಬಿದ್ದಿದ್ದಳು. ಮೈಸೂರಿನ ಹಾಸ್ಟೆಲ್ಲಿಗೆ ಹಾಕಲು ಟಿಕೆಟ್ಟೂ ಬುಕ್ ಮಾಡಿದ್ದೆ. ಇಲ್ಲಿ ಕೈಮೀರಿದ ಮಕ್ಕಳನ್ನು ಊರು ತಿದ್ದುತ್ತದೆ ಎಂಬುದು ನಮ್ಮವರಲ್ಲಿ ಹಲವರ ನಂಬಿಕೆ.

"ಅಲ್ಲಿ ಸ್ಟ್ರಿಕ್ಟ್ ಆಗಿ ಇಟ್ಕೋತಾರೆ ಆಂಟಿ, ಸರಿಹೋಗ್ತಾಳೆ."

ಅವರ ಕೈ ನಿಂತಿತು. "ನಾನು ಹೀಗೆ ಮಡಿಸೋದು ಎಲ್ಲಿ ಕಲಿತೆ ಗೊತ್ತಾ? ಹುಡುಗೀರನ್ನ ಸರಿಮಾಡೋ ಸರ್ಕಾರಿ ಶಾಲೆಯಲ್ಲಿ. ನಂಗೂ ಹದಿನಾರು. ಹುಡುಗರ ಜೊತೆ ಡ್ಯಾನ್ಸಿಗೆ ಹೋಗ್ತಿದ್ದೆ, ಅಷ್ಟೇ. ಎರಡು ವರ್ಷ ಅಲ್ಲೇ ಕೂಡಿಹಾಕಿ, ಹಾಸಿಗೆ ಬಟ್ಟೆ ಒಗೆಸಿ, ಇಸ್ತ್ರಿ ಮಾಡಿಸಿದ್ರು. ನಮ್ಮಣ್ಣ ಸೈಕಲ್ ಕದ್ದಿದ್ದ. ಅವನನ್ನ ಬೈದು ಬಿಟ್ರು."

ನಾನು ಕೈಯಲ್ಲಿದ್ದ ಸೀರೆಯ ಅಂಚನ್ನು ಸುಮ್ಮನೆ ನೀವತೊಡಗಿದೆ.

"ನಿಮ್ಮ ಮಗನೂ ಗರ್ಲ್‌ಫ್ರೆಂಡ್ ಜೊತೆ ಸುತ್ತುತ್ತಾನಲ್ಲ," ಎಂದರು ಆಂಟಿ. "ಅವನಿಗೂ ಟಿಕೆಟ್ ಬುಕ್ ಆಗಿದ್ಯಾ?"

ಅಯ್ಯೋ, ಆ ಪ್ರಶ್ನೆ! ಮಗ ಆ ಹುಡುಗಿಯನ್ನು ಮನೆಗೆ ಕರೆತಂದಾಗ ನಗುನಗುತ್ತಾ ದೋಸೆ ಹುಯ್ದು ಕೊಟ್ಟವಳು ನಾನೇ. ನಾಚಿಕೆಯಿಂದ ತಲೆ ತಗ್ಗಿಸಿದೆ. ಆಂಟಿ ಮಾತ್ರ ತಲೆಯೆತ್ತಿಕೊಂಡೇ ನಿಂತಿದ್ದರು. ಅಂಥವರು ನನ್ನ ಸೀರೆಯ ತುದಿ ಹಿಡಿದಿದ್ದರೆಂದು ಈಗಲೂ ಎಲ್ಲರ ಮುಂದೆ ಹೇಳಿಕೊಳ್ಳುತ್ತೇನೆ.

ಆ ಸಂಜೆಯೇ ಟಿಕೆಟ್ ಕ್ಯಾನ್ಸಲ್ ಮಾಡಿದೆ. ಆದರೆ ಹದಿನಾರರ ಹುಡುಗಿಯೆದುರು ಅಮ್ಮ ಸೋಲೊಪ್ಪುವುದುಂಟೆ? "ಹಾಸ್ಟೆಲ್‌ನಲ್ಲಿ ಸೀಟಿಲ್ವಂತೆ" ಎಂದು ಸುಳ್ಳು ಹೇಳಿದೆ. ಮರುವರ್ಷ ಆಂಟಿ ಸ್ವೀಡನ್ನಿಗೆ ಮರಳಿದರು. ಸುಳ್ಳು ನನ್ನ ಹತ್ತಿರವೇ ಉಳಿಯಿತು.

ಈ ಭಾನುವಾರ ಇನ್ನೊಂದು ತುದಿ ಹಿಡಿದವಳು ಮೇಘನಾ. ಈಗ ಕೆಲಸದಲ್ಲಿದ್ದಾಳೆ. ಆಫೀಸಿನ ಜಗಳ, ಗೆಳೆಯನ ಜೊತೆಗಿನ ಮುನಿಸು, ಎಲ್ಲವನ್ನೂ ನನ್ನ ಮುಂದೆ ಹೇಳುತ್ತಾಳೆ. ಅದು ನನ್ನ ಇನ್ನೊಂದು ಜಂಬ. ಮುಚ್ಚಿಟ್ಟವಳು ನಾನೊಬ್ಬಳೇ ಅನ್ನಿಸಿತು.

"ಹಾಸ್ಟೆಲ್‌ನಲ್ಲಿ ಸೀಟಿತ್ತು ಕಣೇ," ಎಂದೆ. ಆಂಟಿಯ ಕಥೆಯನ್ನೂ ಹೇಳಿದೆ.

ಅವಳು ಸೀರೆಯನ್ನು ಎದೆಗವಚಿಕೊಂಡು ನಿಂತುಬಿಟ್ಟಳು. "ಸೀಟ್ ಸಿಕ್ಕಿದ್ರೆ ನೀನು ಕಳಿಸೇಬಿಡ್ತಿದ್ದೆ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ ಅಮ್ಮಾ. ಅಂದ್ರೆ... ನೀನೇ ನನ್ನನ್ನ ಇಲ್ಲೇ ಇಟ್ಕೊಂಡ್ಯಾ?"

"ಹೂಂ ಕಣೇ," ಎಂದೆ. "ನಾನೇ ಇಟ್ಕೊಂಡೆ."