ಕಡ್ಡಿ ಕಚ್ಚಿ ಮಲಗುವ ಜೇನು ಮತ್ತು ನಮ್ಮ ಗುರುಗಳು

ನನ್ನ ಮ್ಯಾಕ್ರೊ ಲೆನ್ಸು ಮೊದಲು ನೋಡಿದ್ದು ಹೂವನ್ನಲ್ಲ, ಇಳಕಲ್ಲಿನ ಜನರ ಹುಳುಕು ಹಲ್ಲುಗಳನ್ನು. ನಾನು ಹಲ್ಲಿನ ಡಾಕ್ಟರು. ದವಡೆ ಹಲ್ಲಿನ ಸಂದಿಯಲ್ಲಿ ಏನಾಗಿದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ರೋಗಿಗಳು ನಂಬುವುದಿಲ್ಲ. ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದರೆ ಮಾತಿಲ್ಲದೆ ಕುರ್ಚಿಗೆ ಒರಗುತ್ತಾರೆ. ಅದಕ್ಕಾಗಿ ಕೊಂಡ ಲೆನ್ಸು ಅದು. "ಹಲ್ಲಾಗ ಹುಳ ಬಿದ್ದಾವ್ರಿ ಬಾಯಾರ" ಎಂದು ಗಲ್ಲ ಹಿಡಿದುಕೊಂಡು ಬರುವವರಿಗೆ, ಹಲ್ಲಿನಲ್ಲಿ ಹುಳ ಇರುವುದಿಲ್ಲ ಎಂದು ಹೇಳಿ ಹೇಳಿ ಬೇಸತ್ತಿದ್ದೆ.

ಒಂದು ಬೆಳಿಗ್ಗೆ ಬರುತ್ತೇನೆಂದಿದ್ದ ರೋಗಿ ಬರಲಿಲ್ಲ. ದವಾಖಾನೆಯ ಮೆಟ್ಟಿಲ ಪಕ್ಕದ ತುಳಸಿಯ ತೆನೆಯ ಎದುರು ಹಳದಿ ಪಟ್ಟೆಯ ಒಂದು ನೊಣ ಗಾಳಿಯಲ್ಲಿ ನಿಂತಲ್ಲೇ ನಿಂತಿತ್ತು. ಕ್ಯಾಮೆರಾ ಕೈಯಲ್ಲೇ ಇತ್ತು. ಬಾಯೊಳಗಿನ ಕತ್ತಲೆಗಾಗಿ ಲೆನ್ಸಿನ ಮೂತಿಗೆ ಸುತ್ತಿದ್ದ ದೀಪದ ಬಳೆಯನ್ನು ಬಿಚ್ಚಿಟ್ಟು, ಎಳೆಬಿಸಿಲಿನಲ್ಲಿ ಅದರ ಫೋಟೋ ತೆಗೆದೆ. ಹಲ್ಲಿನಲ್ಲಿ ಕಾಣದ ಹುಳ ಕಡೆಗೂ ನನಗೆ ಸಿಕ್ಕಿತ್ತು. ಅಂದಿನಿಂದ ದವಾಖಾನೆ ತೆರೆಯುವ ಮುಂಚೆ ಹುನಗುಂದದ ರಸ್ತೆಯ ಹೊಲಗಳ ಬದುವಿನಲ್ಲಿ ಮೊಣಕಾಲೂರಿ ಕೂರುವುದು ನನ್ನ ಚಟವಾಯಿತು. ಇಳಕಲ್ಲಿನಲ್ಲಿ ಗ್ರಾನೈಟ್ ವ್ಯಾಪಾರ ಮಾಡುವ ನನ್ನ ಗಂಡ ಮೊದಲ ವಾರ ನಕ್ಕರು, ಎರಡನೆಯ ವಾರ ಮೊಣಕಾಲಿಗೆ ಹಾಕಿಕೊಳ್ಳಲು ಮೆತ್ತೆ ತಂದುಕೊಟ್ಟರು. ಅವರದು ಅಷ್ಟೇ ಮಾತು.

ನನ್ನ ತಪ್ಪೆಂದರೆ ಬಳಗ ಸೇರಿದ್ದು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಫೋಟೋ ತೆಗೆಯುವವರ ಒಂದು ಗುಂಪಿದೆ. ಅದರ ಮೊಬೈಲ್ ಗುಂಪಿನಲ್ಲಿ ಪ್ರತಿದಿನ ಬೆಳಿಗ್ಗೆ ಒಬ್ಬರು ಹೂವಿನ ಚಿತ್ರ ಹಾಕುತ್ತಾರೆ, ಉಳಿದವರೆಲ್ಲ "ಅದ್ಭುತ" ಎನ್ನುತ್ತಾರೆ. ಮರುದಿನ ಆ ಉಳಿದವರಲ್ಲಿ ಒಬ್ಬರು ಹಾಕುತ್ತಾರೆ, ಈ ಮೊದಲಿನವರು "ಅದ್ಭುತ" ಎನ್ನುತ್ತಾರೆ. ಈ ಕೊಡುಕೊಳ್ಳುವಿಕೆಯ ನಡುವೆ ನೊಣಕ್ಕೆ ಎಷ್ಟು ರೆಕ್ಕೆ ಎಂದು ಯಾರೂ ಕೇಳಿದ್ದಿಲ್ಲ.

ಗುಂಪಿಗೆ ಒಬ್ಬರು ಗುರುಗಳಿದ್ದರು. ಮೊದಲು ಮದುವೆ ಫೋಟೋದ ಸ್ಟುಡಿಯೊ ಇಟ್ಟಿದ್ದವರು. ಮದುಮಕ್ಕಳು ಬೇಸರವಾದ ಮೇಲೆ ಚಿಟ್ಟೆಗಳಿಗೆ ಬಂದಿದ್ದರು. ಮೈತುಂಬ ಜೇಬಿರುವ ಕಾಕಿ ಜಾಕೀಟು, ಕತ್ತಿನಲ್ಲಿ ಕಾಡು ಸುತ್ತುವವರ ಹಾಗೆ ಒಂದು ಶಲ್ಯ. ಪ್ರಕೃತಿ ಎಂಬ ಶಬ್ದ ಬಂದಾಗಲೆಲ್ಲ ಕಣ್ಣು ಮುಚ್ಚಿ ಅರೆಗಳಿಗೆ ಸುಮ್ಮನಾಗುತ್ತಿದ್ದರು. ಕೇಳುವವರೂ ಕಣ್ಣು ಮುಚ್ಚಬೇಕು. ಇಲ್ಲದಿದ್ದರೆ ಸಂಸ್ಕಾರವಿಲ್ಲದವರೆಂದು ಲೆಕ್ಕ. ಅವರ ಚಿಟ್ಟೆಗಳು ಮಾತ್ರ ನಿಜಕ್ಕೂ ಬೆರಗು ಹುಟ್ಟಿಸುತ್ತಿದ್ದವು. ಒಂದೊಂದು ಕೂದಲೂ ಸ್ಪಷ್ಟ, ರೆಕ್ಕೆಯ ತುಂಬ ಇಬ್ಬನಿಯ ಹನಿ. ನನ್ನ ಚಿಟ್ಟೆಗಳೋ, ಬಟನ್ ಒತ್ತುವಷ್ಟರಲ್ಲಿ ಹಾರಿ ಹೋಗಿ ಬರಿ ಹೂವು ಉಳಿಸುವಂಥವು. ಇವರ ಬಳಿ ಕಲಿಯೋಣ ಎಂದು, ಸೆಪ್ಟೆಂಬರಿನ ಒಂದು ರವಿವಾರ ಬಳಗದ ಜೊತೆ ಬದಾಮಿಯ ಕಡೆ ಹೊರಟೆ.

ಶಿವಯೋಗ ಮಂದಿರದ ಹತ್ತಿರ, ಮಲಪ್ರಭೆಯ ದಂಡೆಗೆ ಒಂದು ಸೂರ್ಯಕಾಂತಿ ಹೊಲ. ಇಡ್ಲಿ-ವಡೆ ಮುಗಿಸಿ ನಾವು ಅಲ್ಲಿ ಮುಟ್ಟುವಾಗ ಬಿಸಿಲು ನೆತ್ತಿಯ ಕಡೆ ಹೊರಟಿತ್ತು. ಇಬ್ಬನಿ ಯಾವಾಗಲೋ ಆರಿತ್ತು. ನಾನು ಹೊಲದೊಳಗೆ ನುಗ್ಗಿ ಜೇನುಗಳನ್ನು ಹುಡುಕುತ್ತಿದ್ದೆ. ಉಳಿದವರು ಕಾರಿನ ಸುತ್ತಲೇ ನಿಂತಿದ್ದರು. ಏನೆಂದು ಹೋಗಿ ನೋಡಿದರೆ, ಗುರುಗಳು ಡಿಕ್ಕಿ ತೆರೆದು, ಬರ್ಫದ ಚೀಲದಿಂದ ಒಂದು ಸ್ಟೀಲಿನ ಊಟದ ಡಬ್ಬಿ ತೆಗೆದರು. ಒಳಗೆ ಹತ್ತಿಯ ಹಾಸಿನ ಮೇಲೆ ಮೂರು ಚಿಟ್ಟೆಗಳು, ಒಂದು ಹಸಿರು ಮಿಡತೆ. ಥಂಡಿಗೆ ಸೆಟೆದು ಅಲುಗದೆ ಬಿದ್ದಿದ್ದವು.

ಗುರುಗಳು ಚಿಮಟಿಗೆಯಿಂದ ಒಂದು ಚಿಟ್ಟೆಯನ್ನು ಎತ್ತಿ, ಕಾಲಿಗೆ ಸೂಜಿಯ ತುದಿಯಷ್ಟು ಗೋಂದು ಹಚ್ಚಿ, ಸೂರ್ಯಕಾಂತಿಯ ಮೇಲೆ ಕೂರಿಸಿದರು. ಸ್ಟುಡಿಯೊದ ದಿನಗಳಲ್ಲಿ ಮದುಮಗಳ ಗದ್ದ ಹಿಡಿದು ತಿರುಗಿಸುತ್ತಿದ್ದ ಹಾಗೆಯೇ ಅದರ ತಲೆಯನ್ನು ಬೆಳಕಿನ ಕಡೆ ತಿರುಗಿಸಿದರು. ಮೇಲೆ ಗ್ಲಿಸರಿನ್ ಬೆರೆಸಿದ ನೀರನ್ನು ಪಿಚಕಾರಿಯಿಂದ ಸಿಂಪಡಿಸಿದರು. ಬಳಗದವರು ಒಬ್ಬರಾದ ಮೇಲೊಬ್ಬರು ಸಾಲಾಗಿ ಬಂದು ಫೋಟೋ ತೆಗೆದುಕೊಂಡರು. ಹೆಣದ ದರ್ಶನಕ್ಕೂ ಇಷ್ಟು ಶಿಸ್ತು ಇರುವುದಿಲ್ಲ.

"ಇದೇನ್ರಿ ಸರ್ ಇದು?" ಎಂದೆ.

ಗುರುಗಳು ನಕ್ಕರು. "ಯಾಕ್ರಿ ಡಾಕ್ಟರ್ರ, ಹಲ್ಲ ಕೀಳೂಮುಂದ ನೀವು ಇಂಜೆಕ್ಷನ್ ಕೊಡಂಗಿಲ್ಲೇನು? ನಾನೂ ಅಷ್ಟ. ಜೀವಕ್ಕ ನೋವು ಆಗಬಾರದಂತ ಸ್ವಲ್ಪ ಮಂಪರ ಬರಿಸ್ತೇನಿ."

"ಕೊಡ್ತೇನ್ರಿ. ಆದ್ರ ಹಲ್ಲ ಕಿತ್ತಮ್ಯಾಲೆ ಪೇಷಂಟನ್ನ ಮನಿಗೆ ಕಳಸ್ತೇನಿ. ಕುರ್ಚಿಗೆ ಅಂಟಸಂಗಿಲ್ಲ."

ಯಾರೂ ನಗಲಿಲ್ಲ. ಗುರುಗಳು ಕಣ್ಣು ಮುಚ್ಚಿ, "ಕಲಾ ಅಂದ್ರ ಸಾಧನಾ ಐತ್ರಿ ಮೇಡಂ" ಎಂದರು. ಉಳಿದವರು ತಲೆ ಅಲ್ಲಾಡಿಸಿದರು. ಅವರು ಅತ್ತ ಮಿಡತೆಯ ಮೇಕಪ್ಪಿಗೆ ಹೊರಟ ಮೇಲೆ, ಆ ಚಿಟ್ಟೆಯ ಹತ್ತಿರ ಕೂತು ನೋಡಿದೆ. ಬಿಸಿಲಿಗೆ ಕಾದು ಅದಕ್ಕೆ ಎಚ್ಚರ ಬಂದಿತ್ತು. ರೆಕ್ಕೆ ಬಡಿಯಿತು, ಬಡಿಯಿತು, ಕಾಲು ಬಿಡಲಿಲ್ಲ. ನಾನು ನೀರು ಹಚ್ಚಿ ಬಿಡಿಸಲು ನೋಡಿದೆ. ಒಂದು ಕಾಲು ಹೂವಿನಲ್ಲೇ ಉಳಿಯಿತು. ಚಿಟ್ಟೆ ವಾರೆಯಾಗಿ ಹಾರಿ, ಸಾಲಿನ ಆಚೆ ಎಲ್ಲೋ ಇಳಿಯಿತು. ಹಿಂದಿರುಗುವಾಗ ಕಾರಿನಲ್ಲಿ ಪ್ರಕೃತಿ ಸಂರಕ್ಷಣೆಯ ಬಗ್ಗೆ ಚರ್ಚೆಯಾಯಿತು. ನನಗೆ ತಲೆ ನೋಯುತ್ತದೆಂದು ಕಿಟಕಿಗೆ ಒರಗಿದೆ. ಅದು ಸುಳ್ಳೇನೂ ಆಗಿರಲಿಲ್ಲ.

ಅಕ್ಟೋಬರಿನಲ್ಲಿ ನನಗೆ ಜೇನುಗಳು ಸಿಕ್ಕವು. ಹುನಗುಂದದ ದಾರಿಯಲ್ಲಿ ಒಂದು ತೊಗರಿ ಹೊಲವಿದೆ. ಅದರ ಒಡತಿ ಒಬ್ಬ ಹಿರಿಯ ಹೆಣ್ಣುಮಗಳು. ಮಾತು ಗಟ್ಟಿ, ನಡಿಗೆ ಅದಕ್ಕಿಂತ ಗಟ್ಟಿ. ಬದುವಿನ ತುಂಬ ತುಂಬೆ ಬೆಳೆದಿತ್ತು. ನಾನು ಅದರ ಮುಂದೆ ಕೂರುವುದನ್ನು ಮೊದಲ ದಿನ ನೋಡಿದಾಗಲೇ ಆಕೆ ಕೇಳಿದ್ದಳು:

"ಡಾಕ್ಟರಬಾಯಾರ, ಏನ ಕಳಕೊಂಡೀರಿ?"

"ಏನಿಲ್ಲ ಯವ್ವಾ, ಹುಳದ ಫೋಟೋ ತಗೀಲಿಕ್ಕೆ ಬಂದೇನಿ."

"ಅಯ್ಯ ನಮ್ಮವ್ವ, ಮನಶಾರು ಸಾಕಾದ್ರೇನು?"

ಒಂದು ಮುಂಜಾನೆ, ಸೂರ್ಯ ಇನ್ನೂ ಹುಟ್ಟುವ ಮುಂಚೆ, ತುಂಬೆಯ ನಡುವೆ ಎದ್ದಿದ್ದ ಒಂದು ಒಣ ಹುಲ್ಲಿನ ಕಡ್ಡಿಗೆ ಏನೋ ಸಾಲಾಗಿ ಅಂಟಿಕೊಂಡದ್ದು ಕಂಡಿತು. ಬಗ್ಗಿ ನೋಡಿದರೆ ನೀಲಿ ಪಟ್ಟೆಯ ಒಂಟಿ ಜೇನುಗಳು. ಇವು ಗೂಡು ಕಟ್ಟಿ ಹಿಂಡಿನಲ್ಲಿ ಬಾಳುವ ಜಾತಿಯಲ್ಲ. ಹೆಣ್ಣುಗಳು ನೆಲದ ಬಿಲದಲ್ಲಿ ಮಲಗುತ್ತವೆ. ಗಂಡುಗಳು ಸಂಜೆಯಾದೊಡನೆ ಒಂದು ಕಡ್ಡಿ ಹುಡುಕಿ, ಅದನ್ನು ದವಡೆಯಿಂದ ಕಚ್ಚಿ ಹಿಡಿದು, ಕಾಲು ಮಡಚಿ, ಇಡೀ ರಾತ್ರಿ ಹಾಗೇ ನಿದ್ದೆ ಮಾಡುತ್ತವೆ. ಇದನ್ನು ಓದಿದ್ದೆ, ನೋಡಿರಲಿಲ್ಲ. ಇಷ್ಟು ವರ್ಷ ದವಡೆಗಳನ್ನೇ ನೋಡಿದವಳಿಗೆ, ಮೈಭಾರವನ್ನೆಲ್ಲ ದವಡೆಯ ಮೇಲೆ ಬಿಟ್ಟು ಮಲಗಿದ ಜೀವ ಮೊದಲ ಸಲ ಕಂಡಿತ್ತು. ಮೈಮೇಲೆ ಇಬ್ಬನಿ ಇತ್ತು. ಪಿಚಕಾರಿಯದಲ್ಲ.

ನಾನು ಉಸಿರು ಬಿಗಿಹಿಡಿದು ಕಾದೆ. ತೊಗರಿಯ ಮೇಲಿಂದ ಬೆಳಕು ಇಳಿದು ಮೊದಲ ಜೇನನ್ನು ಮುಟ್ಟಿತು. ನೀಲಿ ಪಟ್ಟೆ ಹೊಳೆಯಿತು. ಫೋಟೋ ತೆಗೆದೆ. ಸ್ವಲ್ಪ ಹೊತ್ತಿಗೆ ಜೇನು ನಡುಗಿತು, ಕಣ್ಣಿನ ಮೇಲಿನ ಹನಿಯನ್ನು ಮುಂಗಾಲಿನಿಂದ ಒರೆಸಿಕೊಂಡಿತು, ಕಡ್ಡಿಯ ಹಿಡಿತ ಬಿಟ್ಟು ಹಾರಿತು. ಮನೆಗೆ ಬಂದು ಗಂಡನಿಗೆ ತೋರಿಸಿ, ಇವೆಲ್ಲ ಗಂಡುಗಳು ಎಂದೆ. "ಗಂಡಸರನ್ನಷ್ಟ ಹೊರಗ ಹಾಕ್ಯಾರೇನು?" ಎಂದು ಕೇಳಿ, ಬಹಳ ಹೊತ್ತು ನೋಡಿದರು.

ಆ ತಿಂಗಳ ಕೊನೆಗೆ ಬಳಗದವರು ಬಾಗಲಕೋಟೆಯಲ್ಲಿ ಪ್ರದರ್ಶನ ಇಟ್ಟರು. ನನ್ನ ಜೇನುಗಳನ್ನು ಕಳಿಸಿದೆ. ಅವು ಗೋಡೆಗೆ ಬರಲಿಲ್ಲ. ಗೋಡೆಯ ನಡುಮಧ್ಯೆ ಗುರುಗಳ ಸೂರ್ಯಕಾಂತಿಯ ಚಿಟ್ಟೆ ಇತ್ತು; ಕೆಳಗೆ 'ಮುಂಜಾವಿನ ಧ್ಯಾನ' ಎಂಬ ಹೆಸರು, ಮೊದಲ ಬಹುಮಾನದ ಕೆಂಪು ರಿಬ್ಬನ್ನು. ಮುಖ್ಯ ಅತಿಥಿಗಳು ಅದನ್ನು ನೋಡಿ, ಚಿಟ್ಟೆಯಿಂದ ನಾವು ಸ್ವಾತಂತ್ರ್ಯ ಕಲಿಯಬೇಕು ಎಂದು ಭಾಷಣ ಮಾಡಿದರು. ಅಂಟಿಸಿದ ಚಿಟ್ಟೆಯಿಂದ! ನಾನು ಗುರುಗಳ ಹತ್ತಿರ ಹೋಗಿ, ನನ್ನ ಫೋಟೋ ಯಾಕೆ ಇಲ್ಲ ಎಂದು ಕೇಳಿದೆ. ಅವರು ನನ್ನ ಹೆಗಲ ಹತ್ತಿರ ಬಗ್ಗಿ, ದೊಡ್ಡ ಉಪಕಾರ ಮಾಡುವವರ ಹಾಗೆ ದನಿ ತಗ್ಗಿಸಿದರು.

"ನಿರ್ಣಾಯಕರು ಒಪ್ಪಲಿಲ್ಲರಿ ಮೇಡಂ. ಸಹಜ ಕಾಣಸಂಗಿಲ್ಲ ಅಂದ್ರು. ಇಷ್ಟು ಜೇನು ಸಾಲ ಹಿಡದು ಸುಮ್ಮ ಕುಂದರ್ತಾವೇನ್ರಿ? ನಾ ಏನ ಯಾರ ಮುಂದೂ ಹೇಳಂಗಿಲ್ಲ. ಯಾವ ಗೋಂದು ಹಚ್ಚಿದ್ರಿ?"

ನನಗೆ ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು. ಸುಳ್ಳನ್ನೇ ಉಂಡು ಬೆಳೆದ ನಾಲಿಗೆಗೆ ನಿಜ ಸಪ್ಪೆಯಾಗುವುದಿಲ್ಲ, ಸುಳ್ಳಾಗಿಯೇ ರುಚಿಸುತ್ತದೆ. "ನೀವ ಬಂದು ನೋಡ್ರಿ. ಹೊತ್ತು ಹುಟ್ಟೂಕಿಂತ ಮೊದಲ ಬರಬೇಕು ಅಷ್ಟ" ಎಂದೆ. ಸಿಟ್ಟಿನಲ್ಲಿ ಆಡಿದ ಮಾತು. ಆ ಮನುಷ್ಯ ಬಂದೇ ಬಿಡುತ್ತಾನೆಂದು ಅನಿಸಿರಲಿಲ್ಲ.

ಬಂದರು. ಶಿಷ್ಯರಿಬ್ಬರನ್ನು ಕರೆದುಕೊಂಡು ಮಸುಕು ಬೆಳಕಿನಲ್ಲೇ ಹೊಲದ ಹತ್ತಿರ ಕಾರು ನಿಲ್ಲಿಸಿದರು. ಜೇನುಗಳು ಅದೇ ಕಡ್ಡಿಯನ್ನು ಕಚ್ಚಿಕೊಂಡು ಮಲಗಿದ್ದವು. ಗುರುಗಳು ಬಗ್ಗಿ ನೋಡಿದರು. ಈ ಸಲ ಕಣ್ಣು ಮುಚ್ಚಲಿಲ್ಲ. "ಖರೆ ಅದಾವಲ್ಲೋ!" ಎಂದು ಶಿಷ್ಯರ ಕಡೆ ತಿರುಗಿದರು. ಆ ಒಂದು ಕ್ಷಣ ನನಗೆ ಗೆದ್ದ ಸಮಾಧಾನವಾಯಿತು. ನಾನು ಚೀಲದಿಂದ ಕ್ಯಾಮೆರಾ ತೆಗೆಯಲು ಹೊರಳಿದೆ.

ಕಟ್ ಎಂದು ಸಣ್ಣ ಸಪ್ಪಳವಾಯಿತು. ತಿರುಗಿ ನೋಡಿದರೆ ಕಡ್ಡಿ ಗುರುಗಳ ಕೈಯಲ್ಲಿತ್ತು. ಜಾಕೀಟಿನ ಜೇಬೊಂದರಿಂದ ಕತ್ತರಿ ತೆಗೆದು ಬುಡಕ್ಕೇ ಕತ್ತರಿಸಿದ್ದರು. ಶಿಷ್ಯರಲ್ಲಿ ಒಬ್ಬ ಆಗಲೇ ನೀಲಿ ಹಾಳೆಯನ್ನು ಹಿಂದೆ ಹಿಡಿದು ನಿಂತಿದ್ದ.

"ಏನ ಮಾಡಿದ್ರಿ ಸರ್!"

"ಹಿಂದ ಕಸಾ ಕಾಣತಿತ್ರಿ ಮೇಡಂ. ಬ್ಯಾಕ್‌ಗ್ರೌಂಡ್ ಸ್ವಚ್ಛ ಇರಬೇಕು" ಎನ್ನುತ್ತಲೇ ಕಡ್ಡಿಯನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಒಂದರ ಹಿಂದೊಂದು ಫೋಟೋ ತೆಗೆದರು. ಒಂದು ಜೇನಿನ ಮುಖ ಅತ್ತ ಇತ್ತು. ಚಿಮಟಿಗೆಯಿಂದ ಅದರ ಕಾಲು ಹಿಡಿದು ಇತ್ತ ಎಳೆದರು. ಜೇನು ದವಡೆ ಬಿಡಲಿಲ್ಲ. ಕಾಲು ಬಂತು.

ನಾನು ಕ್ಲಿಪ್ಪಿನಿಂದ ಕಡ್ಡಿಯನ್ನು ಕಿತ್ತುಕೊಂಡೆ. "ಹುಳದ ಸಲುವಾಗಿ ಇಷ್ಟು ಸಿಟ್ಟೇನ್ರಿ?" ಎಂದು ಗುರುಗಳು ಬೆರಗಾದರು; ಅವರ ಬೆರಗು ನಟನೆಯಾಗಿರಲಿಲ್ಲ, ಅದೇ ಅಸಹ್ಯ. ಅಷ್ಟರಲ್ಲಿ ಹೊಲದ ಒಡತಿ ಬಿರುಸಾಗಿ ಬದು ಹತ್ತಿ ಬಂದಳು.

"ಯಾರನ್ನ ಕೇಳಿ ಕೊಯ್ದ್ರಿ?"

"ಒಣ ಹುಲ್ಲಕಡ್ಡಿ ಅವ್ವಾರ, ಏನ ದೊಡ್ಡ ಮಾತು?"

"ಒಣದರ ಇರಲಿ, ಹಸೀದರ ಇರಲಿ. ನಮ್ಮ ಬದುವಿಂದು. ನಿಮ್ಮ ಮನ್ಯಾಗ ನೀವು ಮಲಗಿದಾಗ ನಾ ಬಂದು ಹೊರಸು ಹೊತಗೊಂಡು ಹೋಗ್ಲೇನು? ನಡೀರಿ ಮೊದಲ ಇಲ್ಲಿಂದ."

ಗುರುಗಳು ನಡೆದರು. ಬೇಕಾದ್ದು ಸಿಕ್ಕಿತ್ತಲ್ಲ. ನಾನು ಕಡ್ಡಿಯನ್ನು ಬುಡದ ಹತ್ತಿರವೇ ಮಣ್ಣಿಗೆ ಊರಿ, ಹೆಂಟೆ ಒತ್ತಿ ನಿಲ್ಲಿಸಿದೆ. ಬಿಸಿಲು ಬಂದ ಮೇಲೆ ಜೇನುಗಳು ನಡುಗಿ ಎದ್ದು ಹೋದವು. ಕಾಲು ಕಳೆದುಕೊಂಡದ್ದು ಮಾತ್ರ ಬಹಳ ಹೊತ್ತು ಹೋಗಲಿಲ್ಲ. ದವಾಖಾನೆಯಲ್ಲಿ ರೋಗಿಗಳು ಕಾದಿದ್ದರಿಂದ ಅದನ್ನು ಹಾಗೇ ಬಿಟ್ಟು ಬಂದೆ.

ಮಧ್ಯಾಹ್ನದೊಳಗೆ ಬಳಗದಲ್ಲಿ ಫೋಟೋ ಬಂತು. ನೀಲಿ ಹಾಳೆಯ ಮುಂದೆ ನನ್ನ ಜೇನುಗಳು. ಹೆಸರು 'ಒಗ್ಗಟ್ಟಿನಲ್ಲಿ ಬಲ'. ಕೆಳಗೆ 'ನೈಸರ್ಗಿಕ ಬೆಳಕಿನಲ್ಲಿ' ಎಂದು ಬರೆದಿದ್ದರು. ಬೆಳಕೇನೋ ನೈಸರ್ಗಿಕವೇ, ಅವರ ಕೈಗೆ ಸಿಗದೆ ಉಳಿದದ್ದು ಅದೊಂದೇ. ಅದ್ಭುತಗಳ ಸುರಿಮಳೆ ಆಯಿತು. ನಾನು ಬೆಳಿಗ್ಗೆ ನಡೆದದ್ದನ್ನು, ಕತ್ತರಿಯಿಂದ ಹಿಡಿದು ಕಾಲಿನ ತನಕ, ಒಂದೂ ಬಿಡದೆ ಅದರ ಕೆಳಗೆ ಬರೆದೆ. ಸ್ವಲ್ಪ ಹೊತ್ತಿಗೆ ನನ್ನನ್ನು ಗುಂಪಿನಿಂದ ತೆಗೆದರು. ಬೆಳಿಗ್ಗೆ ಹೊಲಕ್ಕೆ ಬಂದಿದ್ದ ಶಿಷ್ಯರಲ್ಲೊಬ್ಬರು ಫೋನ್ ಮಾಡಿ, "ನೀವು ಬರದದ್ದು ಖರೆ ಐತ್ರಿ ಮೇಡಂ, ಆದ್ರ ಎಲ್ಲಾರ ಮುಂದ ಬರೀಬಾರದಿತ್ತು" ಎಂದು ಸಮಾಧಾನ ಹೇಳಿದರು. ಗುರುಗಳಿಗಿಂತ ನನಗೆ ಹೇಸಿಗೆಯಾದದ್ದು ಈ ಸಮಾಧಾನಕ್ಕೆ. ಗುರುಗಳಿಗೆ ಕಣ್ಣೇ ಇರಲಿಲ್ಲ ಎನ್ನಬಹುದು, ಇವರು ನೋಡಿದ್ದರು.

"ಅವ ಕತ್ತರಿ ಹಿಡಿದಾಗ ನೀ ಒಂದು ಹಲ್ಲರ ಉದುರಿಸಬೇಕಿತ್ತು" ಎಂದರು ಗಂಡ, ಮಧ್ಯಾಹ್ನ ಊಟಕ್ಕೆ ಕೂತಾಗ. ಅವರು ಇಷ್ಟು ಉದ್ದ ಮಾತಾಡಿದ್ದು ಅಪರೂಪ.

ಸಂಜೆ ದವಾಖಾನೆ ಬೇಗ ಮುಚ್ಚಿ ಹೊಲಕ್ಕೆ ಹೋದೆ. ನಾನು ಊರಿದ್ದ ಕಡ್ಡಿ ಗಾಳಿಗೆ ಬಿದ್ದಿತ್ತು. ಜೇನುಗಳು ಬಂದಿದ್ದವು. ಕಡ್ಡಿ ಇದ್ದ ಜಾಗದಲ್ಲಿ, ಏನೂ ಇಲ್ಲದ ಗಾಳಿಯಲ್ಲಿ, ಸುತ್ತು ಹಾಕುತ್ತಿದ್ದವು. ಒಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಪಕ್ಕ ಕುಕ್ಕುರುಗಾಲಲ್ಲಿ ಕೂತಳು. ಕತ್ತಲಾಗುವ ಹೊತ್ತಿಗೆ ಒಂದು ಜೇನು ಪಕ್ಕದ ಒಣಗಿದ ತುಂಬೆಯ ದಂಟನ್ನು ಕಚ್ಚಿತು. ಇನ್ನೊಂದು ಅದರ ಮೇಲೆ ಕೂರಲು ಹೋಗಿ, ಒದೆ ತಿಂದು, ಕೆಳಗೆ ಜಾಗ ಮಾಡಿಕೊಂಡಿತು. ನಾನು ತೆಗೆದ ಫೋಟೋಗಳು ಬೆಳಕು ಸಾಲದೆ ಮಂಜುಮಂಜಾಗಿ ಬಂದವು.

"ನಾಳಿಗೆ ಬರ್ತೀರೇನು?" ಎಂದು ಒಡತಿ ಕೇಳಿದಳು.

"ಬರ್ತೇನಿ ಯವ್ವಾ."

"ಬರ್ರಿ. ಆದ್ರ ಒಬ್ಬಾಕಿನ ಬರ್ರಿ."