ಬೆಲ್ಲ ತಿಂದರು, ನೀರು ಮುಟ್ಟಲಿಲ್ಲ

ನಮ್ಮ ಮೊಮ್ಮಗನಿಗೆ ಪೆರಾಬೆ ಊರಿನವರು ಹೆಣ್ಣು ಕೊಡಲು ಒಪ್ಪಿದ್ದಾರೆ! ಪೆರಾಬೆಯವರು, ಕೊಲ್ಲಮೊಗ್ರಿನ ನಮಗೆ! ಇದನ್ನು ಬರೆಯುವಾಗಲೂ ನನಗೆ ನಗು ತಡೆಯಲಾಗುತ್ತಿಲ್ಲ. ಅಕ್ಷರ ಸೊಟ್ಟಗಾದರೆ ಆಗಲಿ, ನಾನು ಎರಡನೇ ಕ್ಲಾಸು ಮಾತ್ರ ಕಲಿತವಳು.

ಇದರಲ್ಲಿ ಇಷ್ಟು ಸಂತೋಷಪಡಲು ಏನಿದೆ ಎಂದು ಈಗಿನವರು ಕೇಳಬಹುದು. ಮೊದಲು ನಮ್ಮದು ಚಳಿಜ್ವರದ ಊರು. ಜ್ವರ ಬಂದು ಬಂದು ಹೊಟ್ಟೆಯಲ್ಲಿ ಗಡ್ಡೆ ಕಟ್ಟದ ಮಕ್ಕಳೇ ಇರಲಿಲ್ಲ. ಹೊರಗಿನವರು ಬಂದರೂ ನಮ್ಮ ನೀರು ಕುಡಿಯುತ್ತಿರಲಿಲ್ಲ. ಜ್ವರ ನೀರಿನಲ್ಲಿದೆ ಎಂದು ಅವರ ನಂಬಿಕೆ, ನಮ್ಮದೂ ಅದೇ. ಇನ್ನು ಹೆಣ್ಣು ಯಾರು ಕೊಡುತ್ತಾರೆ? ನಾನು ಇದೇ ಊರಿನಲ್ಲಿ ಹುಟ್ಟಿ ಇದೇ ಊರಿಗೆ ಸೊಸೆಯಾದವಳು. ನನ್ನ ಸೊಸೆ ಗದ್ದೆಯ ಆಚೆಮನೆಯವಳು. ಜ್ವರದವರಿಗೆ ಜ್ವರದವರೇ ನೆಂಟರು.

ಆಮೇಲೆ ಸರಕಾರದವರು, ಜ್ವರ ನೀರಿನಿಂದಲ್ಲ, ನುಸಿ ಅಂದರೆ ಸೊಳ್ಳೆ ಕಚ್ಚಿ ಬರುವುದು ಎಂದು ಹೇಳಿ, ಗೋಡೆಗಳಿಗೆ ಮದ್ದು ಬಿಡಲು ಡಿಡಿಟಿ ಪಂಪು ಹೊತ್ತುಕೊಂಡು ಬಂದರು. ದೈವದ ಕೋಣೆಗೆ ಮದ್ದು ಬಿಡಲು ನನ್ನ ಮಾವ ಒಪ್ಪಲಿಲ್ಲ.

"ದೈವಕ್ಕೆ ಚಳಿಜ್ವರ ಬರುದುಂಟಾ ಮಾರಾಯ?"

"ದೈವಕ್ಕೆ ಬರುದಿಲ್ಲ ಅಜ್ಜ. ಆದ್ರೆ ನುಸಿಗೆ ಅದು ದೈವದ ಕೋಣೆ ಅಂತ ಗೊತ್ತಿಲ್ಲ, ಅಲ್ಲಿಯೂ ಹೋಗಿ ಕೂರ್ತದೆ" ಎಂದ ಪಂಪಿನವ.

ಮಾವ ದೀಪ ಹಚ್ಚಿ, ದೈವಕ್ಕೆ ಅರಿಕೆ ಮಾಡಿ ಬಾಗಿಲು ತೆರೆದರು. ಜ್ವರ ಕಡಿಮೆಯಾಗುತ್ತ ಬಂದು ನಿಂತೇಹೋಯಿತು. ಮದ್ದಿನಿಂದ ಎಂದು ನಾನು, ಅರಿಕೆಯಿಂದ ಎಂದು ಮಾವ. ಅವರು ತೀರಿಕೊಂಡ ಮೇಲೂ ನಾನು ದೀಪ ಬಿಟ್ಟಿಲ್ಲ, ಮದ್ದನ್ನೂ ಬಿಟ್ಟಿಲ್ಲ.

ಆದರೆ ಜ್ವರ ಹೋದಷ್ಟು ಬೇಗ ಊರಿಗಂಟಿದ ಹೆಸರು ಹೋಗಲಿಲ್ಲ. ಮೊಮ್ಮಗನಿಗೆ ಎಲ್ಲಿ ಹೆಣ್ಣು ಕೇಳಿದರೂ "ಕೊಲ್ಲಮೊಗ್ರಾ?" ಎಂದು ಮಾತು ಬದಲಿಸುತ್ತಿದ್ದರು. ಹುಡುಗ ಸೊರಗಿಹೋಗಿದ್ದ. ಕೊನೆಗೆ ಪೆರಾಬೆಯ ಹುಡುಗಿಯ ಅಪ್ಪ ಮತ್ತು ಅಜ್ಜಿ ಮನೆ ನೋಡಲು ಬರುತ್ತೇವೆಂದರು. ಸೊಸೆ ಮದ್ದಿನ ಕಲೆ ಕಾಣದಂತೆ ಗೋಡೆಗೆ ಬಳಿಯಲು ಸುಣ್ಣ ಕಲಸಿದಳು. ನಾನು ಬಿಡಲಿಲ್ಲ.

"ಮದ್ದಿನ ಮೇಲೆ ಸುಣ್ಣ ಬಳಿದ್ರೆ ಮದ್ದು ಎಂತಕ್ಕೆ?"

"ಗೋಡೆ ನೋಡಿ ಅವರು ಓಡಿಹೋದ್ರೆ ನಿಮ್ಮ ಮೊಮ್ಮಗನಿಗೆ ಡಿಡಿಟಿಯನ್ನೇ ಕಟ್ಟಿ ಅತ್ತೆ!"

ನೆಂಟರು ಬಂದರು. ಬೆಲ್ಲ, ನೀರು ಇಟ್ಟೆ. ಹುಡುಗಿಯ ಅಜ್ಜಿ ಬೆಲ್ಲ ಬಾಯಿಗೆ ಹಾಕಿಕೊಂಡು ನೀರಿನ ಚೆಂಬನ್ನು ಆಚೆ ಸರಿಸಿದರು. ಅವರ ಮಗ, ಹುಡುಗಿಯ ಅಪ್ಪ, ಅವರೂ ಹಾಗೆಯೇ ಮಾಡಿದರು.

"ಗೋಡೆಗೆ ಸುಣ್ಣ ಇಲ್ಲ ಯಾಕೆ?" ಎಂದು ಅಜ್ಜಿ ಕೇಳಿದರು.

"ಮದ್ದು ಬಿಟ್ಟದ್ದುಂಟು. ಅಳಿಸ್ಲಿಕ್ಕೆ ಆಗುದಿಲ್ಲ" ಎಂದೆ.

"ಮದ್ದು ಉಂಟು ಅಂದ್ರೆ ಜ್ವರ ಉಂಟು ಅಂತಲೇ ಆಯ್ತಲ್ಲ!"

ಅಷ್ಟರಲ್ಲಿ ನಮ್ಮ ಸಣ್ಣ ಮೊಮ್ಮಗಳು ಬೆಲ್ಲದ ಆಸೆಗೆ ಹತ್ತಿರ ಬಂದಳು. ಅಜ್ಜಿ ಅವಳನ್ನು ಮಡಿಲಿಗೆಳೆದು, ಎಡಪಕ್ಕೆಯ ಕೆಳಗೆ ಬೆರಳಿಟ್ಟು ಒತ್ತಿದರು. ಗಡ್ಡೆ ಹುಡುಕುತ್ತಿದ್ದಾರೆಂದು ನಮಗೆಲ್ಲ ಗೊತ್ತಾಯಿತು. ಮಗು ಮಾತ್ರ ಕಚಗುಳಿಯಾಗಿ ಕಿಲಕಿಲ ನಕ್ಕಳು.

"ನಿನಗೆ ಚಳಿಜ್ವರ ಬರ್ತದಾ ಮಗಾ?"

"ಚಳಿಜ್ವರ ಅಂದ್ರೆ ಎಂತ ಅಜ್ಜಿ?"

ನಮ್ಮ ಮನೆಯ ಮಗು ಹಾಗೆ ಕೇಳಿತು! ಅಜ್ಜಿ ತಾವೇ ಆಚೆ ಸರಿಸಿದ್ದ ಚೆಂಬೆತ್ತಿ ಗಟಗಟನೆ ಕುಡಿದರು.

"ಇನ್ನು ಸ್ವಲ್ಪ ತನ್ನಿ. ಬೆಲ್ಲ ತಿಂದು ಆಗಿನಿಂದ ಗಂಟಲು ಒಣಗ್ತಾ ಉಂಟು" ಎಂದು, ಮಗನ ಕಡೆ ತಿರುಗಿ, "ಹುಡುಗಿ ಕೊಡ್ಬಹುದಾದ ಮನೆ ಇದು. ಇವತ್ತು ಇಲ್ಲೇ ಉಳಿಯುವ" ಎಂದರು.

ಸೊಸೆ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಮೊಮ್ಮಗ ಕೋಳಿ ಹಿಡಿಯಲು ಓಡಿದ.

ರಾತ್ರಿ ಊಟಕ್ಕೆ ಗಂಡಸರಿಗೆ ಮೊದಲು ಎಲೆ ಹಾಕುವುದು ನಮ್ಮ ಪದ್ಧತಿ. ಅಜ್ಜಿ ಕೇಳಲಿಲ್ಲ, ನನ್ನನ್ನೂ ಸೊಸೆಯನ್ನೂ ಎಳೆದು ಪಕ್ಕದಲ್ಲಿ ಕೂರಿಸಿದರು. ಬಡಿಸಲು ಉಳಿದವನು ಮದುಮಗ ಒಬ್ಬನೇ. ಅವನು ಅಜ್ಜಿಯ ಎಲೆಗೆ ಕೋಳಿ ಪದಾರ್ಥ ಹಾಕಿದ, ಮತ್ತೆ ಹಾಕಿದ, ಇನ್ನೂ ಹಾಕಲು ಬಗ್ಗಿದ.

"ಸಾಕು ಮಾರಾಯ, ಹುಡುಗಿ ಕೊಟ್ಟಾಯಿತಲ್ಲ! ಇನ್ನು ನೀನೂ ಕೂತು ಉಣ್ಣು" ಎಂದರು ಅಜ್ಜಿ.

ಅವನೂ ಎಲೆ ಹಾಕಿಕೊಂಡು ನಮ್ಮ ಜೊತೆ ಕುಳಿತ.