ಹುಲ್ಲಿನ ಮೇಲೊಂದು ಗಾಳಿಕೋಟೆ

ಗೆಳೆಯರೇ, ನಮ್ಮ ಮದುವೆಯ ಪಾರ್ಟಿಗೆ ಜಪಾನಿನಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ಹುಲ್ಲುಹಾಸು ಸಿಕ್ಕೇಬಿಟ್ಟಿತು! ಭಾನುವಾರ ಮಕ್ಕಳು ಕುಣಿಯಲು ಗಾಳಿ ತುಂಬುವ ದೊಡ್ಡ ಕೋಟೆಯನ್ನೂ ಬಾಡಿಗೆಗೆ ಹೇಳಿದ್ದೇವೆ. ಹುಲ್ಲು ಹಾಳಾಗಬಾರದೆಂದು ಇವತ್ತು ನಾನು ಬಹಳ ಜಾಣೆಯಂತೆ ನೀಲಿ ಟಾರ್ಪಾಲು ಹಾಸಿ ಅಳತೆ ನೋಡುತ್ತಿದ್ದೆ. ಕಟ್ಟಡ ನೋಡಿಕೊಳ್ಳುವ ಮೊರಿತಾ ಸಾನ್, ಅಂದರೆ ಮೊರಿತಾ ಅವರು, ಓಡಿ ಬಂದರು. ಅವರ ಜಪಾನಿಯನ್ನು ನನ್ನ ಗಂಡ ಕಿರಣ್ ಕನ್ನಡಕ್ಕೆ ತಂದ.

“ಬಿಸಿಲಿಗೆ ಟಾರ್ಪಾಲಿನ ಕೆಳಗೆ ಹುಲ್ಲು ಇಡ್ಲಿ ಥರ ಬೇಯತ್ತಂತೆ.”

“ಅವರು ಇಡ್ಲಿ ಅಂದ್ರಾ?”

“ಇಡ್ಲಿ ನಂದು ಕಣೇ. ಕೋಟೆ ನಿಲ್ಸೋಕೆ ಗೂಟ ಹೊಡೀಬಾರ್ದಂತೆ, ಮರಳುಚೀಲ ಕಟ್ಬೇಕಂತೆ. ಎರಡು ಗಂಟೆಗೊಂದ್ಸಲ ಗಾಳಿ ಇಳಿಸಿ ಜಾಗ ಬದಲಾಯಿಸ್ಬೇಕಂತೆ.”

“ಇಷ್ಟು ಹುಲ್ಲಿಗೆ ಅಷ್ಟೊಂದಾ?”

ಮೊರಿತಾ ಸಾನ್‌ಗೆ ನನ್ನ ಧ್ವನಿ ಅರ್ಥವಾಗಿರಬೇಕು. ಅವರು ಹೇಳಿದರು: ಕೆಲವು ವರ್ಷಗಳ ಹಿಂದೆ ದೊಡ್ಡ ಭೂಕಂಪವಾದ ದಿನ ಇಲ್ಲಿ ನೆಲ ಬಿರಿದು ಕೆಸರು ಉಕ್ಕಿತ್ತಂತೆ. ಆಮೇಲೆ ಎಲ್ಲ ಮನೆಯವರೂ ಸೇರಿ, ಮಕ್ಕಳು ಮತ್ತೆ ಹೊರಗೆ ಬಂದು ಆಡಲೆಂದು, ಒಂದೊಂದೇ ತುಂಡು ಹುಲ್ಲು ಹಾಸಿದರಂತೆ. ನಾನು ‘ಸುಮಿಮಾಸೆನ್’ ಎಂದು ಜಪಾನಿಯಲ್ಲೇ ಕ್ಷಮೆ ಕೇಳಿ ಟಾರ್ಪಾಲು ಮಡಚಿದೆ.

ಈಗ ಕೋಟೆ ಎಳೆಯಲು ಗಟ್ಟಿ ಕೈಗಳು ಬೇಕು. ನಗೋಯಾದಲ್ಲಿರುವ ನನ್ನ ನಾದಿನಿಗೆ ಈ ಎಳೆಯುವ ಕೆಲಸದ ಬಗ್ಗೆ ಇನ್ನೂ ಏನೂ ಹೇಳಿಲ್ಲ. ಪಾಪ, ಹೊಸ ಸೀರೆ ತೆಗೆದುಕೊಂಡು ಭಾನುವಾರ ಬೆಳಿಗ್ಗೆ ಏಳು ಗಂಟೆಯ ಶಿಂಕಾನ್ಸೆನ್ ಬುಲೆಟ್ ರೈಲು ಹತ್ತಿ ಬರುತ್ತಿದ್ದಾಳೆ.